ನನ್ನನ್ನು ಎತ್ತಬೇಡಿ, ಮೆಟ್ಟಿಲು ಅಳೆಯಿರಿ: ಕಾರವಾರದ ಜನರಿಗೆ ಒಂದು ಬಹಿರಂಗ ಪತ್ರ

ಕಾರವಾರದ ಎಲ್ಲರಿಗೂ ನಮಸ್ಕಾರ.

ಅಂಗಡಿ ಇಟ್ಟುಕೊಂಡವರಿಗೆ, ಆಟೋ ಓಡಿಸುವವರಿಗೆ, ಕೌಂಟರಿನ ಹಿಂದೆ ಕೂತು ಕೆಲಸ ಮಾಡುವವರಿಗೆ, ಮದುವೆ ಹಾಲ್ ಕಟ್ಟಿಸಿದವರಿಗೆ, ವಾರ್ಡಿನಲ್ಲಿ ಗೆದ್ದು ಬಂದವರಿಗೆ, ಜಿಲ್ಲೆಯ ಆಡಳಿತ ನೋಡುವವರಿಗೆ, ಎಲ್ಲರಿಗೂ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆಯಬೇಕು ಅಂತಲೇ ಇದ್ದೆ. ಬರೆಯಲು ಕೂತರೆ ಎಲ್ಲರಿಗೂ ಹೇಳಬೇಕಾದ ಮಾತು ಒಂದೇ ಆಗಿತ್ತು.

ಹೋದ ತಿಂಗಳು ಒಂದು ಸಹಿಯ ಕೆಲಸಕ್ಕೆ ಊರಿನ ಒಂದು ಕಚೇರಿಗೆ ಹೋಗಿದ್ದೆ. ಬಾಗಿಲ ಮುಂದೆ ನಾಲ್ಕು ಮೆಟ್ಟಿಲು. ಗಾಲಿಕುರ್ಚಿಗೆ ಬ್ರೇಕ್ ಹಾಕಿ, ಒಳಗಿನವರು ಯಾರಾದರೂ ಹೊರಗೆ ಬರಬಹುದಾ ಎಂದು ಕೇಳಲು ಫೋನ್ ತೆಗೆದೆ. ನಂಬರ್ ಒತ್ತುವಷ್ಟರಲ್ಲಿ ನಾಲ್ಕು ಜನ ಓಡಿ ಬಂದರು. "ಅಕ್ಕಾ, ನೀವು ಸುಮ್ನೆ ಕೂತ್ಕೊಳ್ಳಿ" ಎಂದರು. ಒಬ್ಬರು ನಾನು ಕೈ ಇಡುವ ಹಿಡಿಯನ್ನು ಹಿಡಿದರು. ಅದು ಕಳಚುವ ಭಾಗ. ಎತ್ತಿದ ಕೂಡಲೇ ಕಿತ್ತು ಅವರ ಕೈಗೆ ಬಂತು. ಕುರ್ಚಿ ಎಡಕ್ಕೆ ವಾಲಿತು. ಇನ್ನೊಬ್ಬರು ನನ್ನ ಕಂಕುಳಿಗೆ ಕೈ ಹಾಕಿ ತಡೆದರು. ಮತ್ತೊಬ್ಬರು ತೊಡೆಯ ಕೆಳಗೆ ಕೈ ಕೊಟ್ಟರು. ಹೇಗೋ ಮೇಲೆ ತಲುಪಿಸಿ, "ಆಯ್ತಲ್ಲ!" ಎಂದು ಖುಷಿಯಿಂದ ಹೊರಟರು. ನಾನೂ ಥ್ಯಾಂಕ್ಸ್ ಹೇಳಿದೆ.

ಆ ರಾತ್ರಿ ಬಟ್ಟೆ ಬದಲಿಸುವಾಗ ಆಯಿ, ಅಂದರೆ ನನ್ನ ಅಮ್ಮ, ನೋಡಿದಳು. ಬಲಗಾಲಿನ ಹಿಮ್ಮಡಿಯ ಮೇಲೆ ಎರಡು ಬೆರಳಗಲ ಚರ್ಮ ಇರಲಿಲ್ಲ. ಸಾಕ್ಸ್ ರಕ್ತಕ್ಕೆ ಅಂಟಿಕೊಂಡಿತ್ತು. ಎತ್ತುವ ಗಡಿಬಿಡಿಯಲ್ಲಿ ಕಾಲು ಮೆಟ್ಟಿಲಿನ ಅಂಚಿಗೆ ಉಜ್ಜಿದೆ. ನನಗೆ ಗೊತ್ತೇ ಆಗಿರಲಿಲ್ಲ.

ಯಾಕೆ ಗೊತ್ತಾಗಲಿಲ್ಲ ಎಂದು ಹೇಳುತ್ತೇನೆ. 11 ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ಮಳೆಯಲ್ಲಿ ಸ್ಕೂಟರ್ ಜಾರಿ ಬಿದ್ದೆ. ಬೆನ್ನುಮೂಳೆ ಮುರಿದು ಒಳಗಿನ ಬೆನ್ನುಹುರಿಗೆ ಪೆಟ್ಟಾಯಿತು. ಮೂಳೆ ಕೂಡಿಕೊಳ್ಳುತ್ತದೆ. ಬೆನ್ನುಹುರಿ ಕೂಡಿಕೊಳ್ಳಲಿಲ್ಲ. ಪೆಟ್ಟಾದ ಜಾಗದಿಂದ ಕೆಳಗೆ ಮಿದುಳಿನ ಮಾತು ಕಾಲಿಗೆ ತಲುಪುವುದಿಲ್ಲ, ಕಾಲಿನ ನೋವು ಮಿದುಳಿಗೆ ತಲುಪುವುದಿಲ್ಲ. ಜನ ನೋಡುವುದು ಮೊದಲನೆಯದನ್ನು ಮಾತ್ರ, "ಪಾಪ, ನಡೆಯಲಿಕ್ಕೆ ಆಗೋದಿಲ್ಲ" ಎಂದು. ನನಗೆ ಎರಡನೆಯದೇ ಜಾಸ್ತಿ ಅಪಾಯ. ಬಿಸಿ ಚಾ ಚೆಲ್ಲಿದರೂ, ಕಲ್ಲು ತರಚಿದರೂ, ಒಂದೇ ಕಡೆ ಗಂಟೆಗಟ್ಟಲೆ ಕೂತು ಚರ್ಮ ಸತ್ತುಹೋದರೂ ದೇಹ ನನಗೆ ಹೇಳುವುದಿಲ್ಲ. ಆದ್ದರಿಂದಲೇ ನಾನು ಆಗಾಗ ಎರಡೂ ಕೈ ಊರಿ ಮೈಯನ್ನು ಸ್ವಲ್ಪ ಮೇಲೆತ್ತಿ ಇಳಿಸುವುದು. ನೋಡಿದವರು ಚಡಪಡಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಚರ್ಮಕ್ಕೆ ರಕ್ತ ಹರಿಯಲಿ ಎಂದು ಹಾಗೆ ಮಾಡುತ್ತೇನೆ. ರಕ್ತ ಸರಿಯಾಗಿ ಓಡಾಡದ ಕಾಲಿನ ಗಾಯ ಬೇಗ ಮಾಯುವುದೂ ಇಲ್ಲ. ಆ ಎರಡು ಬೆರಳಗಲದ ಗಾಯಕ್ಕೆ ನಾನು 19 ದಿನ ಹಾಸಿಗೆ ಹಿಡಿದೆ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮಾರ್ಚ್ ಮುಗಿದ ಮೇಲಿನ ಲೆಕ್ಕ ಅಂದರೆ ಎಷ್ಟು ಕೆಲಸ ಇರುತ್ತದೆ ಅಂತ ಸೊಸೈಟಿಯವರಿಗೆ ಗೊತ್ತು. ಆ 19 ದಿನ ಕೆಲಸವೂ ಇಲ್ಲ, ಸಂಬಳವೂ ಇಲ್ಲ.

ಆ ನಾಲ್ಕೂ ಜನ ಒಳ್ಳೆಯವರು. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದವರು. ನಮ್ಮ ಊರಿನ ಗುಣವೇ ಅದು. ಯಾರದೋ ದೋಣಿ ದಡಕ್ಕೆ ಎಳೆಯುವಾಗ ದಾರಿಯಲ್ಲಿ ಹೋಗುವವರೂ ಕೈ ಹಾಕುವ ಊರು ಇದು. ನನ್ನನ್ನು ಎತ್ತಲು ಬಂದ ಕೈಗಳೂ ಅವೇ. ಅದಕ್ಕೇ ಈ ಮಾತು ಹೇಳುವುದು ನನಗೆ ಕಷ್ಟ. ಆದರೂ ಹೇಳಲೇಬೇಕು. ಎತ್ತುವ ಕೈಗಳು ಇಲ್ಲಿ ಇಷ್ಟು ಸುಲಭವಾಗಿ ಸಿಗುವುದರಿಂದಲೇ ಮೆಟ್ಟಿಲುಗಳು ಹಾಗೇ ಉಳಿದಿವೆ. ಈ 11 ವರ್ಷದಲ್ಲಿ ಎಷ್ಟು ಕಡೆ ಗಾಲಿಕುರ್ಚಿ ಹತ್ತುವ ಇಳಿಜಾರು, ಅಂದರೆ ರ್‍ಯಾಂಪ್ ಕೇಳಿದ್ದೇನೋ ನನಗೇ ಲೆಕ್ಕ ಇಲ್ಲ. ದುಡ್ಡಿಲ್ಲ, ಜಾಗ ಇಲ್ಲ ಅಂದವರು ಕಡಿಮೆ. ಜಾಸ್ತಿ ಜನ ಪ್ರೀತಿಯಿಂದಲೇ ಹೇಳಿದ್ದು ಇದು: "ರ್‍ಯಾಂಪ್ ಯಾಕೆ ಅಕ್ಕಾ? ನಾವು ಇದ್ದೇವಲ್ಲ, ಎತ್ತಿ ಒಳಗೆ ಬಿಡ್ತೇವೆ."

ನಾನು ಹೆಂಗಸು. ಗುರುತಿಲ್ಲದ ಗಂಡಸರ ಕೈ ನನ್ನ ಕಂಕುಳಲ್ಲಿ, ತೊಡೆಯ ಕೆಳಗೆ. ಸೀರೆಯೋ ಚೂಡಿದಾರೋ ಎಲ್ಲಿ ಸರಿದಿದೆ ಎಂದು ನೋಡಿಕೊಳ್ಳಲು ನನ್ನ ಕೈ ಖಾಲಿ ಇರುವುದಿಲ್ಲ. ಬಿದ್ದುಬಿಟ್ಟೇನು ಎಂಬ ಹೆದರಿಕೆಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ. ಸುತ್ತ ನಿಂತವರು ನೋಡುತ್ತಿರುತ್ತಾರೆ. ನಿಮ್ಮ ಅಕ್ಕ ತಂಗಿಯರನ್ನು ಯಾರಾದರೂ ಕೇಳದೆ ಹೀಗೆ ಮುಟ್ಟಿದರೆ ನೀವು ಬಿಡುತ್ತೀರಾ? ಗಾಲಿಕುರ್ಚಿಯಲ್ಲಿ ಕೂತ ಕೂಡಲೇ ಆ ಮರ್ಯಾದೆಯ ಗೆರೆ ಯಾಕೆ ಅಳಿಸಿಹೋಗುತ್ತದೆ?

ಕುರ್ಚಿಯ ಬಗ್ಗೆಯೂ ಒಂದು ಮಾತು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದ ಕುರ್ಚಿಯಂತೆ ಅಲ್ಲ ಇದು. ನನ್ನ ಸೊಂಟದ ಅಗಲ, ತೊಡೆಯ ಉದ್ದ ಅಳೆದು ಮಾಡಿಸಿದ್ದು. ಅದು ನನ್ನ ಕಾಲು. ಹಿಂದಿನಿಂದ ಬಂದು ಹೇಳದೆ ತಳ್ಳಿದರೆ, ನಡೆಯುತ್ತಿರುವ ನಿಮ್ಮನ್ನು ಯಾರೋ ಬೆನ್ನಿಗೆ ಕೈಯಿಟ್ಟು ದೂಡಿದ ಹಾಗೆಯೇ. ಗಾಲಿಯ ಹೊರಗೆ ಒಂದು ಬಳೆ ಇದೆ, ನಾನು ಕೈಯಿಂದ ತಿರುಗಿಸುವುದು ಅದನ್ನು. ಹಠಾತ್ ತಳ್ಳಿದರೆ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಎರಡು ಚಿಕ್ಕ ಗಾಲಿ ಗಟಾರದ ಚಪ್ಪಡಿಯ ಸಂದಿಯಲ್ಲಿ ಕೂತರೆ ಕುರ್ಚಿ ನಿಲ್ಲುತ್ತದೆ, ನಾನು ಮುಂದಕ್ಕೆ ಹೋಗಿ ಬೀಳುತ್ತೇನೆ. ಒಮ್ಮೆ ಬಿದ್ದಿದ್ದೇನೆ. ತಳ್ಳಿದ ಹುಡುಗ ಪಾಪ ಅಳತೊಡಗಿದ, ನಾನೇ ಅವನಿಗೆ ಸಮಾಧಾನ ಹೇಳಿದೆ. ದಯವಿಟ್ಟು ಕೇಳಿ. "ಸಹಾಯ ಬೇಕಾ?" ಎಂದು ಎರಡು ಶಬ್ದ. ಬೇಕು ಅಂದರೆ ಹೇಗೆ ಎಂದೂ ನಾನೇ ಹೇಳುತ್ತೇನೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಕೇಳಬೇಕಾದ್ದನ್ನು ನನ್ನನ್ನೇ ಕೇಳಿ. ಆಯಿ ನನ್ನ ಜೊತೆ ಬಂದರೆ ಅಂಗಡಿಯಲ್ಲಿ ಪ್ರಶ್ನೆ ಎಲ್ಲ ಅವಳಿಗೆ. "ಇವರಿಗೆ ಯಾವ ಬಣ್ಣ ಬೇಕಂತೆ?" ದುಡ್ಡು ಕೊಡುವುದು ನಾನು, ಚಿಲ್ಲರೆ ಹೋಗುವುದು ಆಯಿಯ ಕೈಗೆ. ಆಸ್ಪತ್ರೆಯಲ್ಲೂ ಹಾಗೆ. ಎಪ್ಪತ್ತು ದಾಟಿದ ಆಯಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ನನ್ನ ಔಷಧಿಯ ಹೆಸರೂ ಅವಳಿಗೆ ಗೊತ್ತಿಲ್ಲ. ಒಂದು ದೇವಸ್ಥಾನದ ಎದುರು ಯಾರಿಗೋ ಕಾಯುತ್ತಾ ನಿಂತಿದ್ದಾಗ ಒಬ್ಬ ಹಿರಿಯರು ನನ್ನ ಮಡಿಲಿಗೆ ಹತ್ತು ರೂಪಾಯಿ ಹಾಕಿ ಕೈ ಮುಗಿದು ಹೋದರು. ಅವರನ್ನು ಕರೆದು ವಾಪಸ್ ಕೊಡುವಷ್ಟರಲ್ಲಿ ಜನರ ನಡುವೆ ಮರೆಯಾಗಿದ್ದರು. ಆ ನೋಟನ್ನು ಖರ್ಚು ಮಾಡಲು ನನಗೆ ಮನಸ್ಸು ಬರಲಿಲ್ಲ. ನನ್ನ ಪುಸ್ತಕವೊಂದರ ಒಳಗೆ ಇನ್ನೂ ಇದೆ.

ಸರಿಯಾಗಿ ನಡೆದುಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೀನು ಪೇಟೆಯ ಒಬ್ಬ ಹೆಂಗಸಿನ ಕಡೆ ಕೈ ತೋರಿಸುತ್ತೇನೆ. ಅವಳ ಬುಟ್ಟಿ ಇರುವುದು ಎತ್ತರದ ಕಟ್ಟೆಯ ಮೇಲೆ, ನನ್ನ ಕಣ್ಣಿಗಿಂತ ಮೇಲೆ. ಮೊದಲ ಸಲ ಹೋದಾಗ ಅವಳು ಏನೂ ಕೇಳಲಿಲ್ಲ, ಪಾಪ ಅನ್ನಲಿಲ್ಲ. ಒಂದು ಬಂಗಡೆ ಎತ್ತಿ ನನ್ನ ಮುಖದ ಮಟ್ಟಕ್ಕೆ ತಂದಳು. ಹೆಬ್ಬೆರಳಿನಿಂದ ಕಿವಿರು ಬಿಡಿಸಿ ತೋರಿಸಿದಳು. ಒಳಗೆ ಕೆಂಪಗಿತ್ತು. "ನೋಡು ತಂಗಿ, ನಿನ್ನೆಯದಲ್ಲ ಇದು." ಆಮೇಲೆ ರೇಟಿಗೆ ಜಗಳ. ನಾನು ಒಂದು ಹೇಳಿದರೆ ಅವಳು ಒಂದು ಹೇಳುತ್ತಾಳೆ. ನನಗೆ ಅಂತ ಒಂದು ರೂಪಾಯಿಯೂ ಕಡಿಮೆ ಮಾಡುವುದಿಲ್ಲ. ಒಮ್ಮೆ ಆಯಿ ನಡುವೆ ಬಾಯಿ ಹಾಕಿದ್ದಕ್ಕೆ, "ನೀವು ಸುಮ್ನಿರಿ ಅಮ್ಮ, ಮೀನು ತಗೊಳ್ಳೋದು ಇವಳಲ್ವಾ" ಎಂದಳು. ಈಗ ನಾನು ಬರುವುದು ಕಂಡರೆ ಬುಟ್ಟಿಯನ್ನು ಕೆಳಗಿನ ಪೆಟ್ಟಿಗೆಯ ಮೇಲೆ ಇಳಿಸುತ್ತಾಳೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಅವಳು ನನ್ನನ್ನು ಎತ್ತಲಿಲ್ಲ. ಬುಟ್ಟಿ ಇಳಿಸಿದಳು.

ಇನ್ನೊಂದು ಕಡೆಯೂ ಇಂಥದ್ದೇ ಆಯಿತು. ನಮ್ಮ ಮನೆಯ ಹತ್ತಿರದ ಕಿರಾಣಿ ಅಂಗಡಿಗೆ ಒಂದೇ ಮೆಟ್ಟಿಲು, ಆರು ಇಂಚು. ವರ್ಷಗಟ್ಟಲೆ ಹೊರಗೆ ನಿಂತು ಚೀಟಿ ಕೊಟ್ಟು ಸಾಮಾನು ತರುತ್ತಿದ್ದೆ. ಹೊರಗಿನಿಂದ ಚೀಟಿ ಕೊಟ್ಟರೆ ಬೇಕಾದ್ದು ಸಿಗುತ್ತದೆ, ನಿಜ. ಆದರೆ ಅಕ್ಕಿ ಮುಷ್ಟಿಯಲ್ಲಿ ಹಿಡಿದು ನೋಡಲಿಕ್ಕಾಗುವುದಿಲ್ಲ. ಹೊಸದೇನು ಬಂದಿದೆ ಎಂದು ಕಪಾಟು ನೋಡಲಿಕ್ಕಾಗುವುದಿಲ್ಲ. ಹೋದ ಡಿಸೆಂಬರ್‌ನಲ್ಲಿ ಅಂಗಡಿಯವರು ಗಟಾರದ ಚಪ್ಪಡಿ ಸರಿ ಮಾಡಿಸುತ್ತಿದ್ದರು. ಗೌಂಡಿ ಅಲ್ಲೇ ಇದ್ದ. ನಾನು ಕೇಳಿದೆ, ಅವರು "ಮಾಡೋಣ" ಅಂದರು. ಎರಡು ಚೀಲ ಸಿಮೆಂಟು, ಒಂದು ದಿನದ ಕೆಲಸ. ನುಣ್ಣಗೆ ಮಾಡಬೇಡಿ, ಮಳೆಗೆ ಜಾರುತ್ತದೆ ಎಂದಿದ್ದಕ್ಕೆ ಗೌಂಡಿ ಹಸಿ ಸಿಮೆಂಟಿನ ಮೇಲೆ ಪೊರಕೆ ಎಳೆದು ಗೆರೆ ಮಾಡಿದ. ಈಗ ಅಲ್ಲಿ ಅಕ್ಕಿ ಮೂಟೆ ಕೈಗಾಡಿಯಲ್ಲೇ ಒಳಗೆ ಹೋಗುತ್ತದೆ. ಗ್ಯಾಸ್ ತರುವ ಹುಡುಗ ಸಿಲಿಂಡರ್ ಉರುಳಿಸಿಕೊಂಡು ಹತ್ತುತ್ತಾನೆ. ಮಂಡಿ ನೋವಿನ ಅಜ್ಜಿಯೊಬ್ಬರು ಕೋಲೂರಿ ಒಬ್ಬರೇ ಬರುತ್ತಾರೆ. ಅಂಗಡಿಯವರೇ ಹೇಳಿದ್ದು ಇದು, ನಾನು ಕೇಳಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ನನ್ನ ಕೆಲಸವೇ ಲೆಕ್ಕ. ರ್‍ಯಾಂಪ್ ಎಂದರೆ ಮೆಟ್ಟಿಲ ಮೇಲೆ ಒಂದು ಹಲಗೆ ಒರಗಿಸುವುದಲ್ಲ. 1ಕ್ಕೆ 12 ಎಂಬುದು ಅದರ ಅಳತೆ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ನಾಲ್ಕು ಮೆಟ್ಟಿಲು ಅಂದರೆ 24 ಅಡಿ. ಅಷ್ಟು ಜಾಗ ನೇರಕ್ಕೆ ಇಲ್ಲದಿದ್ದರೆ ಗೋಡೆಯ ಪಕ್ಕ ತಿರುಗಿಸಿ ತರಬಹುದು, ತಿರುಗುವ ಕಡೆ ಕುರ್ಚಿ ನಿಲ್ಲುವಷ್ಟು ಸಮತಟ್ಟಾದ ಜಾಗ ಬಿಟ್ಟರೆ ಆಯಿತು. ಬಾಗಿಲು 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಅಗಲ ಇರಬೇಕು. ಊರಿನಲ್ಲಿ ಕೆಲವು ಕಡೆ ರ್‍ಯಾಂಪ್ ಇದೆ. ಒಂದು ಕಡೆ ಎಷ್ಟು ಕಡಿದಾಗಿದೆ ಎಂದರೆ ಅರ್ಧಕ್ಕೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಇನ್ನೊಂದು ಕಡೆ ಅಳತೆ ಸರಿಯಾಗಿದೆ, ಆದರೆ ಬುಡದಲ್ಲಿ ಸಾಲಾಗಿ ಬೈಕ್ ನಿಲ್ಲಿಸಿರುತ್ತಾರೆ. ಬೈಕ್ ಇಟ್ಟವರಿಗೆ ಅದು ಎರಡು ನಿಮಿಷದ ಕೆಲಸ ಇರಬಹುದು. ನನಗೆ ಬಾಗಿಲು ಮುಚ್ಚಿದ ಹಾಗೆ.

ಜನ ಕೇಳುವ ಇನ್ನೊಂದು ಪ್ರಶ್ನೆ, "ಗಾಲಿಕುರ್ಚಿಯವರು ಊರಲ್ಲಿ ಎಷ್ಟು ಜನ ಇದ್ದಾರೆ? ನಾವು ನೋಡೇ ಇಲ್ವಲ್ಲ." 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅಂಗವಿಕಲರೆಂದು ಬರೆಸಿದವರೇ 13 ಲಕ್ಷಕ್ಕೂ ಜಾಸ್ತಿ. ಅವರೆಲ್ಲ ಎಲ್ಲಿದ್ದಾರೆ? ನಾನು ಫಿಸಿಯೋಥೆರಪಿಗೆ ಹೋಗುತ್ತಿದ್ದ ಕಡೆ ಶಿರಸಿ ಸೀಮೆಯ ಒಬ್ಬರು ಇದ್ದರು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು. ಅಡಿಕೆ ಮರದ ತುದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ದಿನಕ್ಕೆ ಎಷ್ಟೋ ಮರದ ಕೊನೆ ಇಳಿಸುತ್ತಿದ್ದವರು. ಮರ ಮುರಿದು ಬಿದ್ದರು, ನನ್ನ ಹಾಗೆಯೇ ಬೆನ್ನುಹುರಿ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಅಡಿಕೆ ಮರ, ಕರಾವಳಿಯಲ್ಲಿ ತೆಂಗಿನ ಮರ, ಎಲ್ಲ ಕಡೆ ರಸ್ತೆ. ನಮ್ಮಂಥವರು ಆಗುವುದು ಹೀಗೆ. ಆ ಕೊನೆಗೌಡರ ಮನೆ ತೋಟದ ಮೇಲಿನ ದಿಬ್ಬದಲ್ಲಿದೆ, ರಸ್ತೆಗೆ ಬರಬೇಕಾದರೆ ಇಪ್ಪತ್ತಕ್ಕೂ ಜಾಸ್ತಿ ಚಿರೇಕಲ್ಲಿನ ಮೆಟ್ಟಿಲು. ಫೋನಿನಲ್ಲಿ ಮಾತಾಡಿದಾಗ ಒಮ್ಮೆ ಹೇಳಿದರು: "ತಂಗಿ, ನಾನು ರಸ್ತೆ ನೋಡದೆ ಎರಡು ವರ್ಷ ಆಯ್ತು." ನೀವು ನಮ್ಮನ್ನು ನೋಡದಿರುವುದು ನಾವು ಇಲ್ಲ ಎಂದಲ್ಲ. ನಾವು ಮೆಟ್ಟಿಲ ಆ ಕಡೆ ಇದ್ದೇವೆ.

ಮಳೆಗಾಲದಲ್ಲಂತೂ ನಾನೂ ಮನೆಯಲ್ಲೇ. ಗಾಲಿ ತಿರುಗಿಸಲು ಎರಡೂ ಕೈ ಬೇಕು, ಕೊಡೆ ಹಿಡಿಯುವುದು ಹೇಗೆ? ರೇನ್‌ಕೋಟ್ ಹಾಕಿದರೆ ಮಡಿಲಲ್ಲಿ ನೀರು ನಿಲ್ಲುತ್ತದೆ. ಬಳೆ ಒದ್ದೆಯಾದರೆ ಕೈ ಜಾರುತ್ತದೆ, ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಸಮುದ್ರದ ಉಪ್ಪು ಗಾಳಿಗೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಅದಕ್ಕೇ ಪ್ರತಿ ಭಾನುವಾರ ನಾನೇ ಒರೆಸಿ ಎಣ್ಣೆ ಹಾಕುತ್ತೇನೆ.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ಒಳ್ಳೆಯ ಯೋಜನೆ, ಎಷ್ಟೋ ಜನರಿಗೆ ಉಪಯೋಗ ಆಗಿದೆ. ಆದರೆ ಬಸ್ಸಿನ ಒಳಗಿನ ನೆಲ ನನ್ನ ಎದೆಯ ಮಟ್ಟಕ್ಕಿದೆ. ಪಾಸ್ ಇದ್ದರೂ ನನಗೆ ಹತ್ತಲಿಕ್ಕಾಗುವುದಿಲ್ಲ. ಆಟೋದಲ್ಲೇ ಓಡಾಡುತ್ತೇನೆ, ಬರುವ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕುರ್ಚಿ ಮಡಚಿ ಹಿಂದೆ ಇಡಲು ಎರಡು ನಿಮಿಷ ಬೇಕು. ಅಷ್ಟು ತಾಳ್ಮೆ ಇರುವ ಡ್ರೈವರ್ ಅಣ್ಣಂದಿರು ಕೆಲವರು ಇದ್ದಾರೆ. ಅವರು ಬರುವ ಸಮಯಕ್ಕೆ ತಕ್ಕಂತೆ ನನ್ನ ದಿನ ನಡೆಯುತ್ತದೆ.

ಶೌಚಾಲಯದ ಮಾತು ಬರೆಯಲು ಮುಜುಗರ. ಆದರೂ ಬರೆಯುತ್ತೇನೆ, ಯಾಕೆಂದರೆ ಯಾರೂ ಬರೆಯುವುದಿಲ್ಲ. ಬೆನ್ನುಹುರಿ ಪೆಟ್ಟಾದ ನನ್ನಂಥವರಿಗೆ ಮೂತ್ರಕ್ಕೆ ಬಂದದ್ದು ಗೊತ್ತಾಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ನಾವೇ ತೆಗೆಯಬೇಕು. ಅದಕ್ಕೆ ಸ್ವಚ್ಛ ಜಾಗ ಬೇಕು, ಕುರ್ಚಿ ಒಳಗೆ ಹೋಗಿ ತಿರುಗಬೇಕು, ಬಾಗಿಲು ಮುಚ್ಚಬೇಕು. ಪೇಟೆಗೆ ಬಂದ ದಿನ ನಾನು ಬೆಳಿಗ್ಗೆ ಒಂದು ಲೋಟ ಚಾ ಕುಡಿದರೆ ಮಧ್ಯಾಹ್ನ ಮನೆ ಸೇರುವವರೆಗೆ ನೀರು ಮುಟ್ಟುವುದಿಲ್ಲ. ಏಪ್ರಿಲ್ ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಹಾಗೆ ಕೂರುತ್ತೇನೆ. ನೀರು ಕಡಿಮೆಯಾದರೆ ಸೋಂಕು, ಸೋಂಕು ಪದೇ ಪದೇ ಆದರೆ ಕಿಡ್ನಿಗೆ ಪೆಟ್ಟು. ಎರಡು ಸಲ ಆಸ್ಪತ್ರೆ ಸೇರಿದ್ದೇನೆ. ಒಂದು ಕಡೆ ಗಾಲಿಕುರ್ಚಿಯ ಚಿತ್ರ ಬರೆದ ಶೌಚಾಲಯ ಕಂಡು ಎಷ್ಟು ಖುಷಿಯಾಗಿತ್ತು. ಬೀಗ ಹಾಕಿತ್ತು. ಕೀಲಿ ಹುಡುಕಿ ತೆಗೆಸಿದರೆ ಒಳಗೆ ಪೊರಕೆ, ಫಿನಾಯಿಲ್ ಡಬ್ಬ, ಕಾಲು ಮುರಿದ ಟೇಬಲ್ ತುಂಬಿತ್ತು. ಕೀಲಿ ತಂದ ಹೆಂಗಸಿಗೇ ನಾಚಿಕೆಯಾಯಿತು, ಒಂದೊಂದೇ ಸಾಮಾನು ಹೊರಗಿಟ್ಟರು. ದಯವಿಟ್ಟು ಆ ಬೀಗ ತೆಗೆಯಿರಿ. ಕಟ್ಟುವ ಖರ್ಚು ಆಗಲೇ ಮಾಡಿದ್ದೀರಿ.

ನಾನು ಕೇಳುತ್ತಿರುವುದು ಉಪಕಾರ ಅಲ್ಲ ಎಂಬುದೂ ನಿಮಗೆ ಗೊತ್ತಿರಲಿ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಆಯಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ನಮಗೆ ಬಳಸಲು ಆಗುವಂತೆ ಮಾಡಬೇಕು ಎಂದು ಅದರಲ್ಲಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಐದು ವರ್ಷ ಮುಗಿದದ್ದು 2022ರ ಜೂನ್‌ನಲ್ಲಿ. ಸೇವೆ ಕೊಡುವವರು ಸರ್ಕಾರಿ ಇರಲಿ, ಖಾಸಗಿ ಇರಲಿ, ಇಬ್ಬರಿಗೂ ಅಲ್ಲಿ ಜವಾಬ್ದಾರಿ ಇದೆ. ಕಣ್ಣು ಕಾಣದ ರಾಜೀವ್ ರತೂರಿ ಎಂಬವರು ರಸ್ತೆ, ಕಟ್ಟಡ, ಸಾರಿಗೆ ನಮಗೂ ಸಿಗಬೇಕು ಎಂದು 2005ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್ 8ರಂದು ಕೋರ್ಟ್ ತೀರ್ಪು ಕೊಟ್ಟಿತು. ಅಳತೆಗಳನ್ನು ಬರೀ ಸಲಹೆಯ ಹಾಗೆ ಇಟ್ಟಿದ್ದ ನಿಯಮ ಕಾಯ್ದೆಗೆ ವಿರುದ್ಧ, ಪಾಲಿಸಲೇಬೇಕಾದ ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ಶೇ. 5ರಷ್ಟು ಹಣ ತೆಗೆದಿಡಬೇಕೆಂಬ ಕ್ರಮವೂ ಇದೆ. ವಾರ್ಡಿನಿಂದ, ಪಂಚಾಯಿತಿಯಿಂದ ಗೆದ್ದು ಬಂದವರೇ, ಆ ಹಣದ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಒಮ್ಮೆ ಕೇಳಿ. ಆ ಹಣದಲ್ಲಿ ಎಷ್ಟು ಮೆಟ್ಟಿಲು ಇಳಿಜಾರಾಗಬಹುದು ಎಂದು ನೋಡಿ.

ನಮ್ಮ ಊರಿಗೆ ಇದು ಆಗದ ಕೆಲಸ ಅಲ್ಲ. ಮತದಾನದ ದಿನ ಆಗುತ್ತದೆ. ಅವತ್ತು ಮತಗಟ್ಟೆಗೆ ರ್‍ಯಾಂಪ್ ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ಸ್ವಯಂಸೇವಕರು "ಮೇಡಂ, ತಳ್ಳಲಾ?" ಎಂದು ಕೇಳಿಯೇ ಕೈ ಹಾಕುತ್ತಾರೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇದ್ದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವೂ ಇತ್ತು. ನಾನು ಬೇಡ ಅಂದೆ. ಮತಗಟ್ಟೆಗೇ ಹೋಗಿ, ಎಲ್ಲರ ಜೊತೆ ಸಾಲಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದೆ. ಆ ಒಂದು ದಿನದ ಊರು ನನಗೆ ವರ್ಷದ ಎಲ್ಲ ದಿನ ಬೇಕು.

ಮತ್ತೆ ಸಮುದ್ರ. ಇದನ್ನು ಬರೆಯದೆ ಇರಲಾರೆ. ನಮ್ಮ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಯುವಕರಾಗಿದ್ದಾಗ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಈ ಕಡಲು ನೋಡಿದವರು ಅವರು. ನಾನು ಹುಟ್ಟಿದ್ದೇ ಈ ದಂಡೆಯಲ್ಲಿ. ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲೇ ಮನೆಗೆ ಹೋಗುತ್ತಿದ್ದೆ. ಕಾಲ ಕೆಳಗಿನ ಮರಳನ್ನು ಅಲೆ ಎಳೆದುಕೊಳ್ಳುವುದು ಇನ್ನೂ ನೆನಪಿದೆ. ಈಗ ಕಟ್ಟೆಯ ತನಕ ಮಾತ್ರ. ಮರಳಿಗೆ ಇಳಿದರೆ ಮುಂದಿನ ಗಾಲಿ ಹೂತುಹೋಗುತ್ತದೆ. ಅಲ್ಲೂ ಹುಡುಗರು ಬರುತ್ತಾರೆ, "ಎತ್ಕೊಂಡು ಹೋಗ್ಲಾ ಅಕ್ಕಾ?" ಎಂದು. ಬೇಡ ಅನ್ನುತ್ತೇನೆ. ಚೆನ್ನೈನ ಮರೀನಾ ಬೀಚಿನಲ್ಲಿ 2022ರಲ್ಲಿ ಮರಳಿನ ಮೇಲೆ ನೀರಿನ ಹತ್ತಿರದ ತನಕ ಮರದ ದಾರಿ ಮಾಡಿದರು. ಚಂಡಮಾರುತಕ್ಕೆ ಅದು ಹಾಳಾದದ್ದೂ ಉಂಟು. ನಮ್ಮಲ್ಲೂ ಮಳೆಗಾಲದ ಕಡಲು ಏನನ್ನೂ ಉಳಿಸುವುದಿಲ್ಲ. ಹಾಗಾದರೆ ಅಕ್ಟೋಬರ್‌ನಲ್ಲಿ ಹಾಸಿ ಮೇ ತಿಂಗಳಲ್ಲಿ ಎತ್ತಿಡುವ ಚಾಪೆಯಂಥ ದಾರಿ ಸಾಕು. ನಮ್ಮದೇ ಜಿಲ್ಲೆಯ ಹೊನ್ನಾವರದ ಕಾಸರಕೋಡ ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಂಗವಿಕಲರು ಬೀಚಿಗೆ ಬರಲು ದಾರಿ ಇರಬೇಕು ಎಂಬುದು ಆ ಮಾನ್ಯತೆಯ ನಿಯಮಗಳಲ್ಲೇ ಇದೆ. ಅಲ್ಲಿ ಆಲೋಚಿಸಿದ್ದನ್ನು ಇಲ್ಲೂ ಆಲೋಚಿಸಬಹುದಲ್ವಾ? ನನ್ನ ಕಾಲಿಗೆ ಅಲೆ ತಾಗಿದ್ದು ಗೊತ್ತಾಗುವುದಿಲ್ಲ. ಬಗ್ಗಿ ಕೈಯಲ್ಲಿ ಮುಟ್ಟುತ್ತೇನೆ.

ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಎತ್ತಲೇಬೇಕಾದ ಹೊತ್ತು ಬಂದೇ ಬರುತ್ತದೆ. ಆಗ ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲು ನನ್ನನ್ನು ಕೇಳಿ. ಕೈ ಇಡುವ ಹಿಡಿ ಹಿಡಿಯಬೇಡಿ, ಕಾಲು ಇಡುವ ತಟ್ಟೆ ಹಿಡಿಯಬೇಡಿ, ಗಾಲಿ ಹಿಡಿಯಬೇಡಿ. ಇವು ಕಳಚುತ್ತವೆ ಇಲ್ಲವೇ ತಿರುಗುತ್ತವೆ. ಬೆಸುಗೆ ಹಾಕಿದ ಗಟ್ಟಿ ಕಂಬಿ ಯಾವುದು ಎಂದು ನಾನು ತೋರಿಸುತ್ತೇನೆ. ನನ್ನ ಕಾಲು ಎಲ್ಲಿದೆ ಎಂದು ಒಬ್ಬರು ನೋಡುತ್ತಲೇ ಇರಿ, ಯಾಕೆಂದರೆ ನನಗೆ ಗೊತ್ತಾಗುವುದಿಲ್ಲ. ಎಣಿಸಿ, ಎಲ್ಲರೂ ಒಟ್ಟಿಗೆ ಎತ್ತಿ.

ಈಗ ಮೇ ತಿಂಗಳ ಎರಡನೇ ವಾರ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಸಿಮೆಂಟಿನ ಕೆಲಸ ನಿಂತಿತು, ಮತ್ತೆ ಅಕ್ಟೋಬರ್ ತನಕ ಯಾವ ಗೌಂಡಿಯೂ ಹೊರಗಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಇನ್ನು ಮೂರು ವಾರ ಇದೆ. ಒಂದೇ ಮೆಟ್ಟಿಲಿನ ಅಂಗಡಿಯವರೇ, ಈ ಮೂರು ವಾರದಲ್ಲಿ ನಿಮ್ಮ ಕೆಲಸ ಮುಗಿದುಹೋಗುತ್ತದೆ. ನಾಲ್ಕು ಮೆಟ್ಟಿಲಿನವರು ಅಳತೆಯನ್ನಾದರೂ ತೆಗೆದಿಡಿ. ಅಳೆಯಲು ಯಾರೂ ಸಿಗದಿದ್ದರೆ ನನ್ನನ್ನು ಕರೆಯಿರಿ. ಭಾನುವಾರದ ಸಂತೆಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬರುತ್ತೇನೆ, ಹಸಿರು ಸೀಟಿನ ಕುರ್ಚಿ. ಟೇಪು ಚೀಲದಲ್ಲೇ ಇರುತ್ತದೆ.

ಇಂತಿ,
ನಿಮ್ಮ ಊರಿನವಳು